ಹೆಜ್ಜೇನು, ಸುಣ್ಣ, ಕ್ಯಾಲ್ಸಿಯಂ: ಕುಟುಕಿದ ಮೇಲೆ ಮೈಯೊಳಗೆ ನಡೆಯುವುದೇನು?

ಕಾಫಿ ಕೊಯ್ಲು ಮುಗಿದು ಕರಿಮೆಣಸಿನ ಬಳ್ಳಿಗೆ ಏಣಿ ಇಡುವ ಹೊತ್ತಿಗೆ ಕೊಡಗಿನಿಂದ ಒಂದು ಬಗೆಯ ಸುದ್ದಿ ಮತ್ತೆ ಮತ್ತೆ ಬರುತ್ತದೆ. ತೋಟದಲ್ಲಿ ಹೆಜ್ಜೇನು ದಾಳಿ, ಕಾರ್ಮಿಕರು ಆಸ್ಪತ್ರೆಗೆ. ಓದುವವರಿಗೆ ಗೊಂದಲ ಆಗುವುದು ಅದರೊಳಗಿನ ವಿವರ ನೋಡಿದಾಗ. ಮೈತುಂಬ ಕುಟುಕಿಸಿಕೊಂಡವರು ಎರಡು ದಿನಕ್ಕೆ ಮನೆಗೆ ಬರುತ್ತಾರೆ. ಎರಡೇ ಕುಟುಕು ಬಿದ್ದವರು ಆಸ್ಪತ್ರೆ ದಾರಿಯಲ್ಲೇ ಜೀವ ಬಿಡುವುದೂ ಉಂಟು. ಹೀಗೇಕೆ?

ಇದರ ಬೆನ್ನಿಗೇ ಸಲಹೆಗಳೂ ಶುರುವಾಗುತ್ತವೆ. ಕುಟುಕಿದ ಜಾಗಕ್ಕೆ ಸುಣ್ಣ ಹಚ್ಚಿ ಅನ್ನುವುದು ಹಳೆಯ ಮಾತು. ಸುಣ್ಣ ಅಂದರೆ ಕ್ಯಾಲ್ಸಿಯಂ, ಆ ಕ್ಯಾಲ್ಸಿಯಂನಿಂದಲೇ ತುರಿಕೆ, ಬಾವು ತರುವ ಹಿಸ್ಟಮಿನ್ ಅನ್ನುವ ರಾಸಾಯನಿಕ ಹೊರಗೆ ಬರೋದು, ಹಾಗಾಗಿ ಹಚ್ಚಲೇಬೇಡಿ, ಅಲರ್ಜಿ ಇರುವವರು ಹಾಲು, ರಾಗಿ, ಕ್ಯಾಲ್ಸಿಯಂ ಮಾತ್ರೆ ಎಲ್ಲವನ್ನೂ ಬಿಡಿ ಅನ್ನುವುದು ಅದಕ್ಕೆ ಎದುರಾದ ಹೊಸ ಮಾತು. ಇನ್ನೊಂದು ಕಡೆ, ಮೈಮೇಲೆ ಗಂಧೆ ಎದ್ದರೆ ಹಿಂದೆಲ್ಲ ಡಾಕ್ಟರೇ ಕ್ಯಾಲ್ಸಿಯಂ ಇಂಜೆಕ್ಷನ್ ಕೊಡುತ್ತಿದ್ದರಲ್ಲ ಅಂತ ನೆನಪಿಸುವವರು.

ಮೂರು ಮಾತಿನಲ್ಲೂ ಇರುವುದು ಅದೇ ಕ್ಯಾಲ್ಸಿಯಂ. ಅದಕ್ಕೂ ಹಿಸ್ಟಮಿನ್‌ಗೂ ನಂಟಿರುವುದು ನಿಜ, ಬಹಳ ಗಟ್ಟಿ ನಂಟೇ ಇದೆ. ಆದರೆ ಆ ನಂಟು ಎಲ್ಲಿದೆ, ಯಾವ ಅಳತೆಯಲ್ಲಿದೆ ಅಂತ ನೋಡದೆ ಅಡುಗೆಮನೆಗೂ ಎಲೆಡಿಕೆ ಚೀಲಕ್ಕೂ ಎಳೆದು ತಂದಿದ್ದರಿಂದ ಗೊಂದಲ ಹುಟ್ಟಿದೆ.

ತೊಗಲಿನಡಿಯ ಕಾವಲು ಕೋಶ

ನಮ್ಮ ಚರ್ಮದ ಅಡಿಯಲ್ಲಿ, ಶ್ವಾಸನಾಳದ ಗೋಡೆಯಲ್ಲಿ, ಕರುಳಿನಲ್ಲಿ, ರಕ್ತನಾಳಗಳ ಪಕ್ಕದಲ್ಲಿ ಮಾಸ್ಟ್ ಕೋಶ ಎಂಬ ರೋಗನಿರೋಧಕ ಕೋಶಗಳು ಕೂತಿರುತ್ತವೆ. ಹೊರಗಿನಿಂದ ಏನಾದರೂ ಒಳಗೆ ನುಗ್ಗುವ ಜಾಗಗಳಲ್ಲೇ ಅವು ಜಾಸ್ತಿ. ಜರ್ಮನಿಯ ಪಾಲ್ ಎರ್ಲಿಚ್ 1878ರಲ್ಲಿ ತಮ್ಮ ಪ್ರಬಂಧದಲ್ಲಿ ಈ ಕೋಶಗಳನ್ನು ವರ್ಣಿಸಿದರು. ಒಳಗೆ ಕಾಳುಕಾಳಾಗಿ ಏನೋ ತುಂಬಿರುವುದನ್ನು ಕಂಡು, ಚೆನ್ನಾಗಿ ಉಂಡು ಕೊಬ್ಬಿದ ಕೋಶ ಇದು ಅಂದುಕೊಂಡು ಆ ಅರ್ಥ ಬರುವ ಹೆಸರಿಟ್ಟರು. ಅವು ಉಂಡ ಅನ್ನ ಆಗಿರಲಿಲ್ಲ. ರಾಸಾಯನಿಕ ತುಂಬಿಟ್ಟ ಸಣ್ಣ ಸಣ್ಣ ಚೀಲಗಳು. ಒಂದೊಂದು ಕೋಶದಲ್ಲಿ ಇಂಥ ಚೀಲ ನೂರಾರು. ಅದರೊಳಗಿನ ಮುಖ್ಯ ಸರಕೇ ಹಿಸ್ಟಮಿನ್.

ಈ ಕೋಶದ ಹೊರಮೈಗೆ ಐಜಿಇ ಎಂಬ ಪ್ರತಿಕಾಯಗಳು ಅಂಟಿಕೊಂಡಿರುತ್ತವೆ. 1960ರ ದಶಕದ ಕೊನೆಯಲ್ಲಿ ಇಶಿಜಾಕಾ ದಂಪತಿ ಅಮೆರಿಕದಲ್ಲಿ, ಯೊಹಾನ್ಸನ್ ಮತ್ತು ಬೆನ್ನಿಕ್ ಸ್ವೀಡನ್ನಿನಲ್ಲಿ ಬೇರೆಬೇರೆಯಾಗಿ ಇದನ್ನು ಪತ್ತೆ ಹಚ್ಚಿದರು. ಒಬ್ಬರಿಗೆ ಮೊದಲ ಸಲ ಜೇನು ಕುಟುಕಿದಾಗ ಅವರ ದೇಹ ಆ ವಿಷದ ಪ್ರೋಟೀನಿಗೆ ತಕ್ಕ ಐಜಿಇ ತಯಾರಿಸಿ ಮಾಸ್ಟ್ ಕೋಶಗಳ ಮೇಲೆ ನೆಟ್ಟುಬಿಡಬಹುದು. ಎಲ್ಲರ ದೇಹವೂ ಹೀಗೆ ಮಾಡುವುದಿಲ್ಲ. ಮಾಡಿದವರಿಗೆ ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ. ಮುಂದಿನ ಕುಟುಕಿನವರೆಗೆ ಅದು ಸುಮ್ನೆ ಕಾಯುತ್ತಿರುತ್ತದೆ.

ಮುಂದಿನ ಸಲ ವಿಷ ಒಳಗೆ ಬಂದಾಗ ಒಂದೇ ಪ್ರೋಟೀನು ಅಕ್ಕಪಕ್ಕದ ಎರಡು ಐಜಿಇಗಳನ್ನು ಒಟ್ಟಿಗೆ ಹಿಡಿದು ಎಳೆಯುತ್ತದೆ. ಕೋಶಕ್ಕೆ ಸೂಚನೆ ಸಿಗುವುದು ಆ ಜೋಡಿ ಎಳೆತದಿಂದ. ಅಲ್ಲಿಂದ ಮುಂದಿನದು ಅಯಾನುಗಳ ಕೆಲಸ.

ಒಳಗಿನ ತೊಟ್ಟಿ, ಹೊರಗಿನ ಕದ

ಅಯಾನು ಅಂದರೆ ವಿದ್ಯುತ್ ಅಂಶ ಹೊತ್ತ ಪರಮಾಣು, ಅಷ್ಟೇ. ನಮ್ಮ ಕೋಶಗಳ ಹೊರಗಿನ ದ್ರವದಲ್ಲಿ ಕ್ಯಾಲ್ಸಿಯಂ ಅಯಾನುಗಳು ಧಾರಾಳ. ಕೋಶದ ಒಳಗೆ ಬಹಳ ಕಡಿಮೆ, ಹೊರಗಿನದರ ಸುಮಾರು ಹತ್ತು ಸಾವಿರದಲ್ಲಿ ಒಂದು ಪಾಲು. ಈ ವ್ಯತ್ಯಾಸ ತಾನಾಗಿ ಬಂದದ್ದಲ್ಲ. ಕೋಶ ತನ್ನ ಶಕ್ತಿ ಖರ್ಚು ಮಾಡಿ ಕ್ಯಾಲ್ಸಿಯಂ ಅನ್ನು ಹಗಲಿರುಳು ಹೊರಗೆ ದಬ್ಬುತ್ತಿರುತ್ತದೆ. ಮಳೆಗಾಲದಲ್ಲಿ ತುಂಬಿ ನಿಂತ ಹಾರಂಗಿ ಜಲಾಶಯವನ್ನು ನೆನೆಸಿಕೊಳ್ಳಿ. ಮೇಲ್ಗಡೆ ನೀರು ಗೇಟಿಗೆ ಒತ್ತಿಕೊಂಡು ನಿಂತಿರುತ್ತದೆ. ಗೇಟು ಮುಚ್ಚಿರುವಷ್ಟು ಹೊತ್ತು ಕೆಳಗೆ ತೆಳ್ಳಗೆ ಹರಿಯುತ್ತದೆ. ಗೇಟು ಎತ್ತಿದ ಮೇಲೆ ಕೆಳಗಿನವರಿಗೆ ಗೊತ್ತಾಗಲು ಹೆಚ್ಚು ಹೊತ್ತು ಬೇಡ.

ಕೋಶದೊಳಗೆ ಇನ್ನೊಂದು ಸಣ್ಣ ದಾಸ್ತಾನು ಇದೆ. ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ಅನ್ನುವ ಪೊರೆಗಳ ಗೂಡು ತನ್ನೊಳಗೆ ಸ್ವಲ್ಪ ಕ್ಯಾಲ್ಸಿಯಂ ಕೂಡಿಟ್ಟುಕೊಂಡಿರುತ್ತದೆ. ಐಜಿಇ ಎಳೆತದ ಸೂಚನೆ ಒಳಗೆ ಹರಿದಾಗ ಮೊದಲು ಖಾಲಿ ಆಗುವುದು ಈ ತೊಟ್ಟಿ. ಆದರೆ ಅದರಲ್ಲಿರುವುದು ತುಸುವೇ, ಹಿಸ್ಟಮಿನ್ ಚೀಲಗಳನ್ನು ಚೆನ್ನಾಗಿ ಬಿಚ್ಚಲು ಸಾಲದು. ತೊಟ್ಟಿ ಖಾಲಿಯಾಗಿದ್ದನ್ನು ಸ್ಟಿಮ್-1 ಎಂಬ ಪ್ರೋಟೀನು ಗುರುತಿಸುತ್ತದೆ. ಮನೆ ಮೇಲಿನ ಟ್ಯಾಂಕಿನ ಬಾಲ್ ವಾಲ್ವ್ ನೋಡಿದ್ದೀರಲ್ಲ, ನೀರು ಇಳಿದ ಹಾಗೆ ಚೆಂಡು ಇಳಿದು ಕೊಳಾಯಿ ತೆರೆಯುತ್ತದೆ, ಹಾಗೆಯೇ ಇದು. ಸ್ಟಿಮ್-1 ಸರಿದು ಕೋಶದ ಹೊರಪೊರೆಯ ಹತ್ತಿರ ಬಂದು ಅಲ್ಲಿರುವ ಒರಾಯ್-1 ಎಂಬ ಕದವನ್ನು ತೆರೆಸುತ್ತದೆ. ಆಗ ಹೊರಗಿನ ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ. ಗ್ರೀಕ್ ಪುರಾಣದಲ್ಲಿ ಸ್ವರ್ಗದ ಬಾಗಿಲು ಕಾಯುವವರ ಹೆಸರನ್ನೇ ಈ ಕದಕ್ಕೆ ಇಟ್ಟಿದ್ದಾರೆ. ಸ್ಟಿಮ್-1ರ ಈ ಪಾತ್ರ ಗೊತ್ತಾಗಿದ್ದು 2005ರಲ್ಲಿ, ಒರಾಯ್-1ದು 2006ರಲ್ಲಿ.

ಕದ ಯಾವುದು ಅಂತ ತಿಳಿಯುವ ಎಷ್ಟೋ ಮೊದಲೇ ಕ್ಯಾಲ್ಸಿಯಂ ಬೇಕೇ ಬೇಕು ಅನ್ನುವುದು ಗೊತ್ತಿತ್ತು. 1958ರಲ್ಲಿ ಲಂಡನ್ನಿನ ಮೊಂಗರ್ ಮತ್ತು ಶೀಲ್ಡ್, ಗಿನಿಪಿಗ್ ಅಂಗಾಂಶದಲ್ಲಿ ಅಲರ್ಜಿಯ ಪ್ರತಿಕ್ರಿಯೆಗೆ ಸುತ್ತಲ ದ್ರವದ ಕ್ಯಾಲ್ಸಿಯಂ ಅಗತ್ಯ ಎಂದು ತೋರಿಸಿದರು. ಆಮೇಲೆ 1973ರಲ್ಲಿ ಫೋರ್ಮನ್, ಮೊಂಗರ್ ಮತ್ತು ಗೊಂಪರ್ಟ್ಸ್ ಇನ್ನೂ ಚೊಕ್ಕಟವಾದ ಪ್ರಯೋಗ ಮಾಡಿದರು. ಪೊರೆ ದಾಟಿಸಿ ಕ್ಯಾಲ್ಸಿಯಂ ಅನ್ನು ಒಳಗೆ ಬಿಡುವ ಒಂದು ರಾಸಾಯನಿಕವನ್ನು ಇಲಿಯ ಮಾಸ್ಟ್ ಕೋಶಗಳಿಗೆ ಕೊಟ್ಟರು. ಅಲರ್ಜಿಯ ವಸ್ತು ಇಲ್ಲ, ಐಜಿಇ ಎಳೆತವೂ ಇಲ್ಲ. ಆದರೂ ಹಿಸ್ಟಮಿನ್ ಹೊರಗೆ ಬಂತು. ಅಂದರೆ ಕ್ಯಾಲ್ಸಿಯಂ ಒಳಗೆ ಬರುವುದೇ ಅಪ್ಪಣೆ. ಜೇನಿನ ವಿಷ ಆ ಅಪ್ಪಣೆ ಹೊರಡಿಸುವ ಒಂದು ದಾರಿ, ಅಷ್ಟೇ.

ಈ ಕೆಲಸದಲ್ಲಿ ಪೊಟಾಸಿಯಂಗೂ ಒಂದು ಪಾಲಿದೆ. ಕ್ಯಾಲ್ಸಿಯಂ ಧನ ಅಂಶ ಹೊತ್ತು ಒಳಗೆ ಬಂದಷ್ಟೂ ಒಳಗಡೆ ಧನ ಹೆಚ್ಚಾಗಿ ಮುಂದಿನದು ಬರುವುದು ಕಷ್ಟ ಆಗುತ್ತದೆ. ಪೊಟಾಸಿಯಂ ಹೊರಗೆ ಹೋಗಿ ಆ ಒತ್ತಡ ಇಳಿಸುತ್ತದೆ.

ಚೀಲ ಬಿಚ್ಚಿಕೊಂಡಾಗ

ಒಳಗೆ ಕ್ಯಾಲ್ಸಿಯಂ ಏರಿದಾಗ ಹಿಸ್ಟಮಿನ್ ಚೀಲಗಳು ಕೋಶದ ಅಂಚಿಗೆ ಬಂದು ಹೊರಪೊರೆಯ ಜೊತೆ ಬೆಸೆದುಕೊಳ್ಳುತ್ತವೆ. ಬೆಸೆದ ಜಾಗದಲ್ಲಿ ಬಾಯಿ ತೆರೆಯುತ್ತದೆ. 1984ರಲ್ಲಿ ಫರ್ನಾಂಡೆಜ್, ನೇಹರ್ ಮತ್ತು ಗೊಂಪರ್ಟ್ಸ್ ಒಂದೇ ಒಂದು ಮಾಸ್ಟ್ ಕೋಶಕ್ಕೆ ಕೂದಲಿಗಿಂತ ತೆಳುವಾದ ಗಾಜಿನ ನಳಿಕೆ ತಾಗಿಸಿ ಇದನ್ನು ಅಳೆದರು. ಚೀಲವೊಂದು ಬೆಸೆದಾಗಲೆಲ್ಲ ಕೋಶದ ಹೊರಮೈ ಚೂರು ಹಿಗ್ಗುತ್ತದೆ. ಆ ಅಳತೆ ಮೆಟ್ಟಿಲು ಮೆಟ್ಟಿಲಾಗಿ ಏರಿದ್ದು ಅವರಿಗೆ ಕಂಡಿತು, ಒಂದೊಂದು ಮೆಟ್ಟಿಲಿಗೆ ಒಂದೊಂದು ಚೀಲ.

ಇಲ್ಲಿ ಇನ್ನೊಂದು ಅಯಾನಿನ ಕೈವಾಡವೂ ಇದೆ, ಅದನ್ನು ಸಾಮಾನ್ಯವಾಗಿ ಯಾರೂ ಹೇಳುವುದಿಲ್ಲ. ಹಿಸ್ಟಮಿನ್ ಚೀಲದೊಳಗೆ ಸಡಿಲವಾಗಿ ತೇಲುತ್ತಿರುವುದಿಲ್ಲ, ಹೆಪಾರಿನ್ ಮುಂತಾದ ಋಣ ಅಂಶದ ದೊಡ್ಡ ಅಣುಗಳಿಗೆ ಅಂಟಿಕೊಂಡಿರುತ್ತದೆ. ಚೀಲದ ಬಾಯಿ ತೆರೆದು ಹೊರಗಿನ ದ್ರವ ತಾಗಿದಾಗ ಅದರಲ್ಲಿರುವ ಸೋಡಿಯಂ ಅಯಾನುಗಳು ಆ ಜಾಗ ಹಿಡಿದು ಹಿಸ್ಟಮಿನ್ ಅನ್ನು ಎಬ್ಬಿಸಿ ಕಳಿಸುತ್ತವೆ. ಸ್ವೀಡನ್ನಿನ ಬೊರ್ಯೆ ಉವ್ನಾಸ್ ಇದನ್ನು ವಿವರವಾಗಿ ಅಭ್ಯಾಸ ಮಾಡಿದರು. ಒಟ್ಟಿನಲ್ಲಿ ಚೀಲ ತೆರೆಸುವುದು ಕ್ಯಾಲ್ಸಿಯಂ, ಸರಕು ಇಳಿಸುವುದು ಸೋಡಿಯಂ.

ಹೊರಗೆ ಬಂದ ಹಿಸ್ಟಮಿನ್ ರಕ್ತನಾಳಗಳನ್ನು ಸಡಿಲಿಸಿ ಅವುಗಳ ಗೋಡೆ ಸೋರುವಂತೆ ಮಾಡುತ್ತದೆ. ನರಗಳನ್ನು ಕೆಣಕಿ ತುರಿಕೆ ತರುತ್ತದೆ. ಶ್ವಾಸನಾಳದ ಸ್ನಾಯುಗಳನ್ನು ಬಿಗಿಸುತ್ತದೆ. ಒಂದು ಜಾಗದಲ್ಲಿ ಮಾತ್ರ ಆದರೆ ಬಾವು, ಗಂಧೆ. ಮೈಯೆಲ್ಲ ಒಟ್ಟಿಗೆ ಆದರೆ ರಕ್ತದೊತ್ತಡ ಕುಸಿದು ಉಸಿರು ಕಟ್ಟುತ್ತದೆ. ಇದೇ ಅನಾಫಿಲಾಕ್ಸಿಸ್. ತೀವ್ರವಾದಾಗ ರಕ್ತದ ದ್ರವ ಭಾಗದ ಸುಮಾರು ಮೂರನೇ ಒಂದು ಪಾಲು ಹತ್ತೇ ನಿಮಿಷದಲ್ಲಿ ನಾಳಗಳಿಂದ ಸೋರಿಹೋಗಬಹುದು.

ಎರಡು ಕುಟುಕು ಮತ್ತು ಇನ್ನೂರು ಕುಟುಕು

ಮೊದಲಿನ ಪ್ರಶ್ನೆಗೆ ಈಗ ಬರೋಣ. ಸುದ್ದಿಯಲ್ಲಿ ಎರಡನ್ನೂ ಹೆಜ್ಜೇನು ದಾಳಿ ಅಂತ ಒಂದೇ ಹೆಸರಲ್ಲಿ ಬರೆಯುತ್ತಾರೆ, ಆದರೆ ಮೈಯೊಳಗೆ ನಡೆಯುವುದು ಎರಡು ಬೇರೆ ಸಂಗತಿ.

ಎರಡು ಕುಟುಕಿಗೆ ಕುಸಿದವರಲ್ಲಿ ಐಜಿಇ ಮೊದಲೇ ನೆಟ್ಟಿತ್ತು. ಅವರಿಗೆ ವಿಷದ ಪ್ರಮಾಣ ಮುಖ್ಯ ಅಲ್ಲ, ಸೂಚನೆ ಸಿಕ್ಕರೆ ಸಾಕು. ಐಜಿಇ ಇಲ್ಲದವರಿಗೆ ವಿಷದ ಪ್ರಮಾಣವೇ ಮುಖ್ಯ. ಜೇನಿನ ವಿಷದಲ್ಲಿರುವ ಮೆಲಿಟಿನ್ ಕೋಶಗಳ ಪೊರೆಯನ್ನೇ ತೂತು ಮಾಡುತ್ತದೆ. ಐಜಿಇ ಹಂಗಿಲ್ಲದೆ ಮಾಸ್ಟ್ ಕೋಶವನ್ನು ಬಿಚ್ಚಿಸುವ ಪೆಪ್ಟೈಡ್, ಅಂದರೆ ಪ್ರೋಟೀನಿನಂಥದೇ ಚಿಕ್ಕ ಅಣು, ಕೂಡ ಅದರಲ್ಲಿದೆ. ಕಣಜದ ವಿಷದ ಮಾಸ್ಟೊಪರಾನ್ ಕೂಡ ಇದೇ ಕೆಲಸ ಮಾಡುತ್ತದೆ. ಹಾಗಾಗಿ ಅಲರ್ಜಿಯೇ ಇಲ್ಲದವರಿಗೂ ಕುಟುಕಿದ ಜಾಗ ಊದುತ್ತದೆ. ಕುಟುಕು ನೂರಾರಾದರೆ ಸ್ನಾಯು ಮತ್ತು ರಕ್ತಕಣಗಳು ಒಡೆದು ಮೂತ್ರಪಿಂಡಕ್ಕೆ ಪೆಟ್ಟು ಬೀಳಬಹುದು, ಅದು ಒಂದೆರಡು ದಿನ ಬಿಟ್ಟು ಕಾಣಿಸಿಕೊಳ್ಳುವುದೂ ಇದೆ. ಮೈತುಂಬ ಕುಟುಕಿಸಿಕೊಂಡವರು ನಡೆದುಕೊಂಡು ಬಂದರು ಅಂತ ಹಾಗೇ ಲೈನ್ ಮನೆಗೆ ಕಳಿಸುವುದು ಅದಕ್ಕೇ ಅಪಾಯ.

ಹಾಗಾದರೆ ಹಾಲು, ರಾಗಿ ಬಿಡಬೇಕಾ?

ಬೇಡ. ಹಾರಂಗಿಯ ಮಾತನ್ನೇ ಮುಂದುವರಿಸಿದರೆ, ಗೇಟಿನ ಮೇಲ್ಗಡೆ ನೀರು ಮೊದಲೇ ಕೆಳಗಿನದರ ಹತ್ತು ಸಾವಿರ ಪಟ್ಟು ಇದೆ. ಅದಕ್ಕೆ ಒಂದು ಕೊಡ ಸುರಿದರೂ ಒಂದು ಕೊಡ ಎತ್ತಿದರೂ ಗೇಟಿಗೆ ಲೆಕ್ಕವಿಲ್ಲ. ಮೇಲಾಗಿ ಆ ಒಂದು ಕೊಡದ ವ್ಯತ್ಯಾಸವೂ ಉಳಿಯುವುದಿಲ್ಲ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ನಿಜ. ಆದರೆ ರಕ್ತದ ಕ್ಯಾಲ್ಸಿಯಂ ಅನ್ನು ಪ್ಯಾರಾಥೈರಾಯ್ಡ್ ಗ್ರಂಥಿ, ಮೂಳೆ, ಮೂತ್ರಪಿಂಡ ಮತ್ತು ವಿಟಮಿನ್ ಡಿ ಸೇರಿ ಬಹಳ ಇಕ್ಕಟ್ಟಾದ ಅಳತೆಯೊಳಗೆ ಹಿಡಿದಿಟ್ಟಿರುತ್ತವೆ. ಮುದ್ದೆ ಉಂಡರೆ ಏರುವುದಿಲ್ಲ, ಬಿಟ್ಟರೆ ಮೂಳೆಯಿಂದ ಕಿತ್ತು ತಂದು ತುಂಬುತ್ತವೆ. ಕ್ಯಾಲ್ಸಿಯಂ ಬಿಟ್ಟರೆ ನಷ್ಟ ಮೂಳೆಗೆ ಮಾತ್ರ. ತೋಟದಲ್ಲಿ ದುಡಿಯುವ ಹೆಂಗಸರಿಗೆ, ಬಸುರಿಯರಿಗೆ ಯಾರಾದರೂ ಇಂಥ ಸಲಹೆ ಕೊಟ್ಟರೆ ದಯವಿಟ್ಟು ತಡೆಯಿರಿ. ಹಾಲಿನ ಪ್ರೋಟೀನಿಗೇ ಅಲರ್ಜಿ ಇರುವವರ ಸಂಗತಿ ಬೇರೆ, ಅದಕ್ಕೂ ಕ್ಯಾಲ್ಸಿಯಂಗೂ ಸಂಬಂಧ ಇಲ್ಲ.

ಸುಣ್ಣದ ಮಾತು ಸ್ವಲ್ಪ ಬಿಡಿಸಿ ನೋಡಬೇಕು. ಎಲೆಡಿಕೆ ಡಬ್ಬಿಯಿಂದ ಬೆರಳ ತುದಿಯಲ್ಲಿ ತೆಗೆದ ಆ ಬಿಳಿ ಚುಕ್ಕೆ ನಿಜಕ್ಕೂ ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಜೇನಿನ ವಿಷ ಆಮ್ಲ, ಕ್ಷಾರ ಹಚ್ಚಿದರೆ ಶಮನ ಆಗುತ್ತದೆ ಅನ್ನುವ ಶಾಲೆಯ ಪಾಠವೂ ಇದರ ಬೆನ್ನಿಗಿದೆ. ಆದರೆ ನೋವು, ಬಾವು ತರುವುದು ವಿಷದ ಪ್ರೋಟೀನುಗಳು, ಆಮ್ಲ ಅಲ್ಲ. ಅವು ತೊಗಲಿನ ಅಡಿಗೆ ಹೋಗಿಯಾಗಿದೆ, ಸುಣ್ಣ ತೊಗಲಿನ ಮೇಲೆ ಕೂತಿದೆ. ಹಾಗಾಗಿ ಅದು ವಿಷವನ್ನು ಕೊಲ್ಲುವುದೂ ಇಲ್ಲ, ಹೊಸ ಮಾತಿನವರು ಹೆದರಿಸುವ ಹಾಗೆ ಹಿಸ್ಟಮಿನ್ ಜಾಸ್ತಿ ಮಾಡುವುದೂ ಇಲ್ಲ. ಅಡ್ಡ ಪರಿಣಾಮ ಬೇರೆ ಕಡೆ ಇದೆ. ಸುಣ್ಣ ತೀಕ್ಷ್ಣ ಕ್ಷಾರ, ಹೆಜ್ಜೇನು ಹೆಚ್ಚಾಗಿ ಮುಖದ ಸುತ್ತಲೇ ಎರಗುತ್ತದೆ, ಕಣ್ಣಿಗೆ ಸುಣ್ಣ ತಾಗಿದರೆ ದೃಷ್ಟಿಗೇ ಕುತ್ತು. ಅದಕ್ಕಿಂತ ಮುಖ್ಯ, ಸುಣ್ಣ ಹುಡುಕುವ ಹೊತ್ತಿನಲ್ಲಿ ಕೊಂಡಿ ಒಳಗೇ ಇರುತ್ತದೆ. ಜೇನಿನ ಕೊಂಡಿಗೆ ಮುಳ್ಳುಗಳಿವೆ, ಹಾಗಾಗಿ ಅದು ಜೇನಿನ ಹೊಟ್ಟೆಯಿಂದ ಕಿತ್ತು ಬಂದು ವಿಷದ ಚೀಲದ ಸಮೇತ ಚರ್ಮದಲ್ಲಿ ನಿಂತು ತಾನೇ ಪಂಪ್ ಮಾಡುತ್ತಿರುತ್ತದೆ. ಬಾಳೆಹಣ್ಣಿನ ವಾಸನೆಯ ಎಚ್ಚರಿಕೆಯ ರಾಸಾಯನಿಕವೂ ಅಲ್ಲಿಂದ ಹೊಮ್ಮಿ ಉಳಿದ ಜೇನುಗಳನ್ನು ಅದೇ ಜಾಗಕ್ಕೆ ಕರೆಯುತ್ತದೆ. ಮೊದಲು ಅಲ್ಲಿಂದ ದೂರ ಓಡಬೇಕು, ಕೊಂಡಿಯನ್ನು ಉಗುರಿನಲ್ಲಿ ಕೆರೆದೋ ಚಿವುಟಿಯೋ ಕೂಡಲೇ ತೆಗೆಯಬೇಕು. ಹೇಗೆ ತೆಗೆದಿರಿ ಅನ್ನುವುದಕ್ಕಿಂತ ಎಷ್ಟು ಬೇಗ ತೆಗೆದಿರಿ ಅನ್ನುವುದೇ ಮುಖ್ಯ.

ಇನ್ನು ಕ್ಯಾಲ್ಸಿಯಂ ಇಂಜೆಕ್ಷನ್. ಗಂಧೆಗೆ ಅದನ್ನು ಕೊಡುವುದು ಹಳೆಯ ವಾಡಿಕೆ. ಕ್ಯಾಲ್ಸಿಯಂ ರಕ್ತನಾಳದ ಗೋಡೆಯ ಸೋರಿಕೆ ತಗ್ಗಿಸುತ್ತದೆ ಅನ್ನುವ ತರ್ಕ ಅದರ ಹಿಂದಿತ್ತು. ಇಂದಿನ ಅನಾಫಿಲಾಕ್ಸಿಸ್ ಚಿಕಿತ್ಸಾ ಕ್ರಮದಲ್ಲಿ ಅದಕ್ಕೆ ಜಾಗ ಇಲ್ಲ. ಅವಸರದಲ್ಲಿ ರಕ್ತನಾಳಕ್ಕೆ ಕೊಟ್ಟರೆ ಹೃದಯದ ಬಡಿತ ಏರುಪೇರಾಗುವ ಅಪಾಯವೂ ಇದೆ.

ಬಿಪಿಗೆ ತೆಗೆದುಕೊಳ್ಳುವ ಅಮ್ಲೊಡಿಪಿನ್ ತರದ ಮಾತ್ರೆಗಳಿಗೆ ಕ್ಯಾಲ್ಸಿಯಂ ತಡೆಯುವ ಮಾತ್ರೆ ಅನ್ನುತ್ತಾರಲ್ಲ, ಅವು ಅಲರ್ಜಿಯನ್ನೂ ತಡೆಯುತ್ತವಾ ಎಂದು ಕೇಳುವವರಿದ್ದಾರೆ. ಅವು ಮುಚ್ಚುವುದು ಮುಖ್ಯವಾಗಿ ರಕ್ತನಾಳದ ಸ್ನಾಯುವಿನ ಕದವನ್ನು, ವಿದ್ಯುತ್ ಏರಿಳಿತಕ್ಕೆ ತೆರೆಯುವ ಬೇರೆಯದೇ ಜಾತಿಯ ಕದ ಅದು. ಒರಾಯ್-1ಕ್ಕೆ ಅವು ಬೀಗ ಅಲ್ಲ.

ಒರಾಯ್ ಕದವನ್ನೇ ಮುಚ್ಚಿದರೆ?

ಕೇಳಲು ಸುಲಭ. ತೊಂದರೆ ಏನೆಂದರೆ ಅದೇ ಕದವನ್ನು ಸೋಂಕಿನ ವಿರುದ್ಧ ಹೋರಾಡುವ ಟಿ ಕೋಶಗಳೂ ಬಳಸುತ್ತವೆ. 2006ರಲ್ಲಿ ಒರಾಯ್-1 ಪತ್ತೆಯಾಗಿದ್ದೇ ಹುಟ್ಟಿನಿಂದ ರೋಗನಿರೋಧಕ ಶಕ್ತಿ ಇಲ್ಲದ ಮಕ್ಕಳ ಜೀನ್ ದೋಷ ಹುಡುಕುವಾಗ. ಅವರಲ್ಲಿ ಈ ಕದ ಕೆಲಸ ಮಾಡುತ್ತಿರಲಿಲ್ಲ. ಹಾಗಾಗಿ ಮೈಯೆಲ್ಲ ಕದ ಮುಚ್ಚುವ ಮದ್ದನ್ನು ಅಲರ್ಜಿಗೆ ಕೊಡುವುದು ಹುಡುಗಾಟದ ಮಾತಲ್ಲ.

ಮಾಸ್ಟ್ ಕೋಶ ಬಿಚ್ಚದಂತೆ ತಡೆಯುವ ಸೋಡಿಯಂ ಕ್ರೊಮೊಗ್ಲೈಕೇಟ್ ಎಂಬ ಮದ್ದು 1960ರ ದಶಕದಲ್ಲೇ ಬಂತು, ರೋಜರ್ ಅಲ್ಟೂನ್ಯನ್ ಎಂಬ ವೈದ್ಯರು ತಮ್ಮ ಮೇಲೇ ಪ್ರಯೋಗ ಮಾಡಿಕೊಂಡು ಕಂಡದ್ದು. ಇಂದಿಗೂ ಕಣ್ಣಿನ ಅಲರ್ಜಿಯ ಹನಿಯಾಗಿ ಸಿಗುತ್ತದೆ. ಆದರೆ ಮೊದಲೇ ಹಾಕಿಕೊಂಡಿರಬೇಕು, ಹೆಜ್ಜೇನು ಎದ್ದ ಮೇಲೆ ಅದರಿಂದ ಪ್ರಯೋಜನ ಇಲ್ಲ.

ಸಿಟ್ರಿಜಿನ್ ನುಂಗಿದರೆ ಸಾಕಾ?

ಸಾಲದು. ತೋಟದ ಫಸ್ಟ್ ಏಡ್ ಡಬ್ಬಿಗಳ ವಿಚಾರದಲ್ಲಿ ಎಲ್ಲಕ್ಕಿಂತ ದೊಡ್ಡ ತಪ್ಪು ತಿಳಿವಳಿಕೆ ಇದೇ. ಸಿಟ್ರಿಜಿನ್ ಹಿಸ್ಟಮಿನ್ ಹೊರಬರುವುದನ್ನು ನಿಲ್ಲಿಸುವ ಮದ್ದಲ್ಲ. ಹೊರಬಂದ ಹಿಸ್ಟಮಿನ್ ಹೋಗಿ ಕೂರುವ ಜಾಗದಲ್ಲಿ ತಾನು ಕೂತು ಅಡ್ಡ ಬರುತ್ತದೆ. ನುಂಗಿದ ಮಾತ್ರೆ ಕೆಲಸ ಶುರು ಮಾಡಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಹಿಸ್ಟಮಿನ್ ಅಷ್ಟರಲ್ಲಿ ತನ್ನ ಕೆಲಸ ಮುಗಿಸಿರುತ್ತದೆ, ರಕ್ತದಲ್ಲಿ ಅದು ಏರುವುದೇ ಮೊದಲ ಐದು ಹತ್ತು ನಿಮಿಷಗಳಲ್ಲಿ. ಬ್ರಿಟನ್ನಿನಲ್ಲಿ ಅನಾಫಿಲಾಕ್ಸಿಸ್ ಸಾವುಗಳನ್ನು ಪರಿಶೀಲಿಸಿ 2000ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕುಟುಕಿನಿಂದ ಸತ್ತವರಲ್ಲಿ ಹೃದಯ ಅಥವಾ ಉಸಿರು ನಿಲ್ಲಲು ಹಿಡಿದ ಮಧ್ಯಮ ಸಮಯ 15 ನಿಮಿಷ. ಗಂಧೆ, ತುರಿಕೆಗೆ ಮಾತ್ರೆ ಸರಿ. ಉಸಿರು ಕಟ್ಟುತ್ತಿದ್ದರೆ, ತಲೆ ಸುತ್ತಿ ಬೀಳುತ್ತಿದ್ದರೆ ಮಾತ್ರೆ ನುಂಗಿಸಿ ಕಾಯುವುದು ಕೈಯಲ್ಲಿರುವ ಸಮಯವನ್ನು ಚೆಲ್ಲಿದ ಹಾಗೆ.

ಆ ಹೊತ್ತಿಗೆ ಬೇಕಾದದ್ದು ಅಡ್ರಿನಲಿನ್, ತೊಡೆಯ ಹೊರಬದಿಯ ಸ್ನಾಯುವಿಗೆ. ವಯಸ್ಕರಿಗೆ ಅರ್ಧ ಮಿಲಿಗ್ರಾಂ. ಅದು ಸಡಿಲಾದ ರಕ್ತನಾಳಗಳನ್ನು ಬಿಗಿಸುತ್ತದೆ, ಶ್ವಾಸನಾಳ ತೆರೆಯುತ್ತದೆ, ಇನ್ನೂ ಬಿಚ್ಚದ ಮಾಸ್ಟ್ ಕೋಶಗಳನ್ನೂ ತಡೆಯುತ್ತದೆ. ಆಂಪೂಲಿನ ಬೆಲೆ ತೀರಾ ಕಡಿಮೆ. ತಾನೇ ಚುಚ್ಚುವ ಪೆನ್ ಮಾತ್ರ ನಮ್ಮ ಕಡೆ ಸುಲಭವಾಗಿ ಸಿಗುವುದಿಲ್ಲ.

ಇಲ್ಲೇ ಎರಡು ವಾದಗಳಿವೆ. ಕಾಡಂಚಿನ ತೋಟದಿಂದ ಮಡಿಕೇರಿಗೋ ವಿರಾಜಪೇಟೆಗೋ ಹದಿನೈದು ನಿಮಿಷದಲ್ಲಿ ಮುಟ್ಟುವುದು ಆಗದ ಮಾತು, ಹಾಗಾಗಿ ತೋಟದಲ್ಲೇ ಅಡ್ರಿನಲಿನ್ ಇರಲಿ ಅನ್ನುವುದು ಒಂದು. ಗೊತ್ತಿಲ್ಲದವರು ಪ್ರಮಾಣ ತಪ್ಪಿ, ಅಥವಾ ಸ್ನಾಯುವಿನ ಬದಲು ರಕ್ತನಾಳಕ್ಕೆ ಕೊಟ್ಟರೆ, ಹೃದಯದ ಕಾಯಿಲೆ ಇರುವವರ ಗತಿ ಏನು ಅನ್ನುವುದು ಇನ್ನೊಂದು. ಎರಡನೆಯ ಭಯ ಸುಳ್ಳಲ್ಲ. ಆದರೆ ಲಸಿಕೆ ಹಾಕುವ ಕಡೆ ಇಂಥ ಕಿಟ್ ಇಟ್ಟು, ಬಳಸಲು ಕಲಿಸಿ ನಡೆಸುತ್ತಿದ್ದಾರಲ್ಲ. ಆ ತರಬೇತಿಯನ್ನು ಪ್ರತಿ ಗ್ರಾಮದಲ್ಲಿ ಆರೋಗ್ಯ ಕಾರ್ಯಕರ್ತೆಯರ ಹತ್ತಿರ ಮಾಡಿಸಿ, ಮೆಣಸು ಕೊಯ್ಲು ಮತ್ತು ಮರ ಕಪಾತಿನ ತಿಂಗಳುಗಳಲ್ಲಿ ಮದ್ದು ಕೈಗೆ ಸಿಗುವ ಹಾಗೆ ಇಡುವುದು ಅಸಾಧ್ಯ ಏನಲ್ಲ. ಕೊಡಗಿನಲ್ಲಿ ಹೆಚ್ಚಿನವು ಸಣ್ಣ ಹಿಡುವಳಿಗಳು, ಒಂದೊಂದು ತೋಟದವರೂ ಬೇರೆಬೇರೆ ಮಾಡಲಾರರು. ನಾಲ್ಕು ತೋಟ ಸೇರಿದರೆ ಆಗುತ್ತದೆ.

ಮದ್ದು ಇಲ್ಲದ ಕಡೆಯೂ ಮಾಡಬಹುದಾದ ಒಂದು ಕೆಲಸ ಇದೆ, ಅದನ್ನೇ ನಾವು ಉಲ್ಟಾ ಮಾಡುತ್ತೇವೆ. ಕುಸಿದವರನ್ನು ಎಬ್ಬಿಸಿ, ಭುಜ ಕೊಟ್ಟು ನಡೆಸಿ, ಜೀಪಿನ ಮುಂದಿನ ಸೀಟಿನಲ್ಲಿ ನೆಟ್ಟಗೆ ಕೂರಿಸುತ್ತೇವೆ. ದ್ರವ ಸೋರಿಹೋದ ರಕ್ತನಾಳದಲ್ಲಿ ಉಳಿದಿರುವ ರಕ್ತ ಆಗ ಕಾಲಿಗಿಳಿಯುತ್ತದೆ, ಹೃದಯಕ್ಕೆ ತುಂಬಿಕೊಳ್ಳಲು ಏನೂ ಉಳಿಯುವುದಿಲ್ಲ, ಹೀಗೆ ಎದ್ದು ಕೂತ ಕ್ಷಣದಲ್ಲೇ ಸತ್ತವರ ದಾಖಲೆಗಳಿವೆ. ಜೀಪಿನ ಹಿಂದುಗಡೆ ಗೋಣಿಚೀಲ ಹಾಸಿ ಮಲಗಿಸಿ, ಕಾಲು ಎತ್ತರದಲ್ಲಿಟ್ಟು ಕರೆದುಕೊಂಡು ಹೋಗಬೇಕು. ಉಸಿರಾಟ ತೀರಾ ಕಷ್ಟ ಆದರೆ ಮಾತ್ರ ಬೆನ್ನಿಗೆ ಆಸರೆ ಕೊಟ್ಟು ಕಾಲು ಚಾಚಿ ಕೂರಿಸಬಹುದು. 108ಕ್ಕೆ ಫೋನ್ ಮಾಡುವಾಗಲೇ ಜೇನು ಕುಟುಕಿ ಉಸಿರು ಕಟ್ಟುತ್ತಿದೆ ಅಂತ ಸ್ಪಷ್ಟವಾಗಿ ಹೇಳಬೇಕು.

ಸುಧಾರಿಸಿಕೊಂಡ ಮೇಲೂ ಕೆಲವರಲ್ಲಿ ಕೆಲವು ಗಂಟೆ ಬಿಟ್ಟು ಎರಡನೇ ಸಲ ಮರುಕಳಿಸುತ್ತದೆ, ಅದಕ್ಕೇ ಆಸ್ಪತ್ರೆಯಲ್ಲಿ ನಿಲ್ಲಿಸಿಕೊಳ್ಳುವುದು. ಹಿಸ್ಟಮಿನ್ ರಕ್ತದಿಂದ ಬೇಗ ಮಾಯ ಆಗುತ್ತದೆ. ಅದೇ ಚೀಲಗಳಿಂದ ಬರುವ ಟ್ರಿಪ್ಟೇಸ್ ಮಾತ್ರ ಕೆಲವು ಗಂಟೆ ಉಳಿಯುತ್ತದೆ, ಆ ಪರೀಕ್ಷೆ ಮಾಡಿಸಿದರೆ ಆದದ್ದು ಅನಾಫಿಲಾಕ್ಸಿಸ್ ಹೌದೋ ಅಲ್ಲವೋ ಅನ್ನುವುದಕ್ಕೆ ಆಧಾರ ಸಿಗುತ್ತದೆ. ಹೌದಾದರೆ ಆ ವ್ಯಕ್ತಿ ಅದನ್ನು ಮನೆಯವರಿಗೂ ತೋಟದ ರೈಟರಿಗೂ ಹೇಳಿಟ್ಟಿರಬೇಕು. ಅಸ್ಸಾಂನಿಂದ ಕೆಲಸಕ್ಕೆ ಬಂದವರಾದರೆ ಭಾಷೆ ಬಲ್ಲವರಿಂದ ಕೇಳಿ, ಹಾಜರಿ ಪುಸ್ತಕದಲ್ಲಿ ಅವರ ಹೆಸರಿನ ಮುಂದೆಯೇ ಬರೆದಿಟ್ಟರೆ ಮುಂದಿನ ಸಲ ಏಣಿ ಇಡುವಾಗ ಅವರನ್ನು ಹೆಜ್ಜೇನು ಕಟ್ಟಿದ ಮರದ ಕೆಳಗೆ ಕಳಿಸದೆ ಇರಬಹುದು.